ಪಾರ್ಕ್ ಪಕ್ಕದ ಆಲ್ಟೊ: ತಳ್ಳಬೇಡಿ, ಗುಜರಿಗೂ ಕೊಡಬೇಡಿ

ಎಲ್ಲರಿಗೂ ನಮಸ್ಕಾರ. ಪಾರ್ಕ್ ಗೋಡೆ ಪಕ್ಕ ನಾಲ್ಕು ತಿಂಗಳಿಂದ ನಿಂತಿರೋ ಬೂದು ಬಣ್ಣದ ಆಲ್ಟೊ ಬಗ್ಗೆ ಬೆಳಗ್ಗೆಯಿಂದ ಮೆಸೇಜ್ ಬರ್ತಾನೇ ಇವೆ. ಒಬ್ಬರು ಎಲ್ಲಾ ಸೇರಿ ಮೇನ್ ರೋಡಿಗೆ ತಳ್ಳಿಬಿಡೋಣ ಅಂದ್ರು. ಇನ್ನೊಬ್ಬರು ಪರಿಚಯದ ಗುಜರಿಯವನಿದ್ದಾನೆ, ಎತ್ಕೊಂಡು ಹೋಗ್ತಾನೆ ಅಂದ್ರು. ಮತ್ತೊಬ್ಬರು ದೂರು ಯಾರಿಗೆ ಕೊಡ್ಬೇಕು ಅನ್ನೋದೇ ಗೊತ್ತಾಗ್ತಿಲ್ಲ ಅಂದ್ರು. ಮೂರಕ್ಕೂ ಸೇರಿಸಿ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ನೋಡಿ.

ಮೊದಲು ಆ ಗುಜರಿ ಮಾತು ಇಲ್ಲಿಗೇ ಬಿಡಿ. ಗಾಡಿ ತುಕ್ಕು ಹಿಡಿದಿರಲಿ, ಗಾಜು ಒಡೆದಿರಲಿ, ನೋಂದಣಿ ಪತ್ರ, ಅಂದ್ರೆ ಆರ್‌ಸಿಯಲ್ಲಿ ಹೆಸರಿರೋ ತನಕ ಅದು ಒಬ್ಬರ ಆಸ್ತಿ. ಮಾಲೀಕರನ್ನ ಕೇಳದೆ ಎತ್ತಿದ್ರೆ ಭಾರತೀಯ ನ್ಯಾಯ ಸಂಹಿತೆ 303ರ ಪ್ರಕಾರ ಕಳ್ಳತನ. ಕರೆಸಿ ಕೊಟ್ಟವರೂ ಅದರಲ್ಲಿ ಸಿಕ್ಕಿಹಾಕ್ಕೊಳ್ತಾರೆ. ತಳ್ಳೋದೂ ಬೇಡ. ಆಲ್ಟೊ ಸಣ್ಣ ಕಾರೇ ಆದ್ರೂ ಹೆಚ್ಚುಕಮ್ಮಿ 700 ಕೆ.ಜಿ. ಇರುತ್ತೆ. ಸ್ಟೀರಿಂಗ್ ಲಾಕ್ ಆಗಿರುತ್ತೆ, ಗಾಳಿಯಿಲ್ಲದ ಟೈರ್ ಉರುಳಲ್ಲ, ತಿಂಗಳುಗಟ್ಟಲೆ ಹ್ಯಾಂಡ್‌ಬ್ರೇಕ್ ಹಾಕಿಟ್ಟಿದ್ರೆ ಹಿಂದಿನ ಬ್ರೇಕ್ ಶೂಗಳು ಡ್ರಮ್ಮಿಗೆ ಕಚ್ಕೊಂಡಿರುತ್ವೆ. ಇಳಿಜಾರಲ್ಲಿ ಒಂದ್ಸಲ ಹಿಡಿತ ಬಿಟ್ರೆ ನಿಲ್ಲಿಸೋಕೆ ಯಾರ ಕೈಯಲ್ಲೂ ಆಗಲ್ಲ. ಅಷ್ಟು ಮಾಡಿ ಮೇನ್ ರೋಡಿಗೆ ಬಿಟ್ರೆ, ಅಲ್ಲಿ ಯಾರಾದ್ರೂ ರಾತ್ರಿ ಬಂದು ಗುದ್ದಿದಾಗ ತಳ್ಳಿದವರ ಮುಖ ಎದುರು ಮನೆ ಸಿಸಿಟಿವಿಯಲ್ಲಿ ಇರುತ್ತೆ.

ಗಾಡಿ ನಿಜವಾಗ್ಲೂ ಬಿಟ್ಟುಹೋಗಿದ್ದಾ, ಇಲ್ಲ ಯಾರೋ ಊರಲ್ಲಿಲ್ವಾ, ಅದು ತೀರ್ಮಾನ ಆಗ್ಬೇಕು. ಧೂಳು ನೋಡಿ ಹೇಳೋಕಾಗಲ್ಲ, ನಮ್ಮೂರಲ್ಲಿ ಪಕ್ಕದಲ್ಲಿ ಮನೆ ಕಟ್ತಿದ್ರೆ ಒಂದು ವಾರಕ್ಕೇ ಗಾಡಿ ಬೆಳ್ಳಗಾಗುತ್ತೆ. ಬ್ರೇಕ್ ಡಿಸ್ಕ್ ಮೇಲಿನ ತೆಳು ಕಿತ್ತಳೆ ಬಣ್ಣವೂ ಸಾಕ್ಷಿ ಅಲ್ಲ, ಒಂದು ರಾತ್ರಿ ಮಳೆಗೇ ಅದು ಬರುತ್ತೆ. ಡಿಸ್ಕ್ ಮೇಲೆ ತುಕ್ಕು ಪದರ ಪದರವಾಗಿ ಎದ್ದು, ಬೆರಳಿಟ್ರೆ ಪುಡಿ ಉದುರೋ ಹಾಗಿದ್ರೆ ತಿಂಗಳುಗಳ ಮಾತು. ಅದಕ್ಕಿಂತ ಪಕ್ಕಾ ಗುರುತು ಟೈರಿನ ವಾಲ್ವ್, ಅಂದ್ರೆ ಗಾಳಿ ತುಂಬಿಸೋ ಬಾಯಿ. ಅದು ಗಡಿಯಾರದ ಮುಳ್ಳಿನ ಹಾಗೆ ಎಷ್ಟು ಗಂಟೆ ದಿಕ್ಕಿಗಿದೆ ಅಂತ ಮುಂದಿನ ಚಕ್ರ, ಹಿಂದಿನ ಚಕ್ರ ಎರಡರದ್ದೂ ಫೋಟೊ ತೆಗೀರಿ. ಹತ್ತು ದಿನ ಬಿಟ್ಟು ಅದೇ ಜಾಗದಿಂದ ಮತ್ತೆ ತೆಗೀರಿ. ಎರಡೂ ವಾಲ್ವ್ ಅದೇ ದಿಕ್ಕಲ್ಲಿದ್ರೆ ಗಾಡಿ ಒಂದು ಅಡಿನೂ ಅಲುಗಾಡಿಲ್ಲ. ಫೋನಿನ ಕ್ಯಾಮೆರಾದಲ್ಲಿ ದಿನಾಂಕ, ಜಾಗ ಅಚ್ಚಾಗೋ ಹಾಗೆ ಮಾಡ್ಕೊಳ್ಳಿ, ದೂರು ಕೊಡೋವಾಗ ಈ ಫೋಟೊಗಳೇ ಆಧಾರ.

ಆಮೇಲೆ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ. ಮಾಲೀಕರ ಹೆಸರು ಪೂರ್ತಿ ಕಾಣಲ್ಲ, ಮಧ್ಯೆ ಮಧ್ಯೆ ಚುಕ್ಕಿ ಬರುತ್ತೆ. ಅದು ಇರಲಿ, ನಮಗೆ ಬೇಕಾಗಿದ್ದು ಬೇರೆ ಮಾಹಿತಿ: ಮಾಡೆಲ್, ಇಂಧನ, ನೋಂದಣಿ ದಿನಾಂಕ, ಇನ್ಶೂರೆನ್ಸ್ ಯಾವಾಗ ಮುಗೀತು, ಎಮಿಷನ್ ಸರ್ಟಿಫಿಕೇಟ್ ಯಾವಾಗ ಮುಗೀತು. ಇನ್ಶೂರೆನ್ಸೂ ಎಮಿಷನ್ನೂ ಎರಡು ವರ್ಷದ ಹಿಂದೆ ಸತ್ತಿದ್ರೆ ಗಾಡಿ ಕೈಬಿಟ್ಟಿದ್ದಾರೆ ಅನ್ನೋದಕ್ಕೆ ಬಲ ಬರುತ್ತೆ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದೂ ಆಗಿಲ್ಲ ಅಂದ್ರೆ ದೂರಿನಲ್ಲಿ ಬರೀರಿ. ಪ್ಲೇಟಿನ ಕೆಎ 05 ನೋಡಿ ಜಯನಗರದವರದ್ದು, ಕೆಎ 09 ನೋಡಿ ಮೈಸೂರಿನವರದ್ದು ಅಂತ ಹುಡುಕ್ಕೊಂಡು ಹೋಗ್ಬೇಡಿ. ಗಾಡಿ ಎರಡು ಮೂರು ಕೈ ಬದಲಾಗಿರಬಹುದು.

ಒಂದು ಮುಖ್ಯ ವಿಷಯ. ಆ್ಯಪ್‌ನಲ್ಲಿ ಬೇರೆ ಮಾಡೆಲ್ ತೋರಿಸಿದ್ರೆ, ಡೀಸೆಲ್ ಅಂತಿದ್ದು ಇಲ್ಲಿರೋದು ಪೆಟ್ರೋಲ್ ಗಾಡಿ ಆಗಿದ್ರೆ, ಅಥವಾ ಪ್ಲೇಟೇ ಇಲ್ಲದಿದ್ರೆ, ಅದು ಪಾರ್ಕಿಂಗ್ ಸಮಸ್ಯೆ ಅಲ್ಲ. ಅವತ್ತೇ ಕಾನೂನು ಸುವ್ಯವಸ್ಥೆ ಪೊಲೀಸ್ ಠಾಣೆಗೆ ಹೋಗ್ಬೇಕು. ತುಂಬಾ ಕಾರುಗಳಲ್ಲಿ ಚಾಸಿಸ್ ನಂಬರ್ ಮುಂದಿನ ಗಾಜಿನ ಕೆಳಮೂಲೆಯಲ್ಲಿ ಹೊರಗಿಂದಲೇ ಕಾಣುತ್ತೆ, 17 ಅಕ್ಷರ ಅಂಕಿ. ಕಂಡ್ರೆ ಬರ್ಕೊಳ್ಳಿ, ಬಾಗಿಲು ಬಾನೆಟ್ ತೆಗೆಯೋಕೆ ಹೋಗ್ಬೇಡಿ. ಕಳುವಾದ ಗಾಡಿಗಳ ಪಟ್ಟಿ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾಹನ ಸಮನ್ವಯ ಅನ್ನೋ ವ್ಯವಸ್ಥೆಯಲ್ಲಿರುತ್ತೆ, ಪೊಲೀಸರು ಅದರಲ್ಲಿ ತಾಳೆ ನೋಡ್ತಾರೆ. ಇನ್ನು ನಿನ್ನೆ ಮೊನ್ನೆ ಬಂದು ನಿಂತ ಗಾಡಿಯೊಳಗೆ ಅನುಮಾನದ ವಸ್ತು, ಗ್ಯಾಸ್ ವಾಸನೆ ಏನಾದ್ರೂ ಇದ್ರೆ ದೂರ ನಿಂತು ನೇರವಾಗಿ 112ಕ್ಕೆ ಫೋನ್.

ನಮ್ಮ ಆಲ್ಟೊಗೆ ಬರೋಣ. ಮೋಟಾರು ವಾಹನ ಕಾಯ್ದೆ 1988ರ 127ನೇ ಸೆಕ್ಷನ್ ಇರೋದೇ ಇಂಥದ್ದಕ್ಕೆ. ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟುಹೋದ ಗಾಡಿಯನ್ನ ಎತ್ತಿಸೋಕೆ, ಚಕ್ರಕ್ಕೆ ಲಾಕ್ ಹಾಕಿಸೋಕೆ ಆ ವ್ಯಾಪ್ತಿಯ ಸಮವಸ್ತ್ರದಲ್ಲಿರೋ ಪೊಲೀಸ್ ಅಧಿಕಾರಿಗೆ ಅಧಿಕಾರ ಇದೆ. ಗಾಡಿ ಮುರಿದು, ಸುಟ್ಟು, ಅರ್ಧ ಬಿಚ್ಚಿದ ಸ್ಥಿತಿಯಲ್ಲಿದ್ದು ಸಂಚಾರಕ್ಕೆ ಅಪಾಯ ಆಗ್ತಿದ್ರೆ ಅದೇ ಸೆಕ್ಷನ್ನಿನ 2ನೇ ಉಪಸೆಕ್ಷನ್ ಪ್ರಕಾರ ತಕ್ಷಣವೇ ಎತ್ತಿಸಬಹುದು. ಎತ್ತಿದ ಖರ್ಚು ಮಾಲೀಕರ ಮೇಲೆ, ದಂಡ ಬೇರೆ. ಹಾಗಾಗಿ ದೂರು ಹೋಗ್ಬೇಕಾಗಿರೋದು ನಮ್ಮ ಏರಿಯಾದ ಸಂಚಾರ ಪೊಲೀಸ್ ಠಾಣೆಗೆ. ಬೆಂಗಳೂರು ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್ ನೋ ಪಾರ್ಕಿಂಗ್, ಫುಟ್‌ಪಾತ್ ಮೇಲಿನ ಗಾಡಿ ಇಂಥದ್ದಕ್ಕೆ ಒಳ್ಳೇದು. ಆದ್ರೆ ಗಾಡಿ ಎತ್ತಿಸ್ಬೇಕು ಅಂದ್ರೆ ಕಾಗದದ ಮೇಲಿನ ದೂರಿಗೆ ಸಮ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಎಷ್ಟೋ ದೂರುಗಳು ಬಿದ್ದುಹೋಗೋದು ಬರೆಯೋ ರೀತಿಯಿಂದ. "ನಮ್ಮ ರಸ್ತೆಯಲ್ಲಿ ಹಳೇ ಕಾರಿದೆ, ತೊಂದರೆ ಆಗ್ತಿದೆ" ಅಂತ ಬರೆದ್ರೆ ಯಾವ ಕಾರು, ಎಲ್ಲಿ, ಏನು ತೊಂದರೆ ಅಂತ ಅಧಿಕಾರಿ ಮತ್ತೆ ಕೇಳ್ಬೇಕು. ಹೀಗೆ ಬರೀರಿ: "ಇಂಥ ನಂಬರಿನ ಬೂದು ಬಣ್ಣದ ಮಾರುತಿ ಆಲ್ಟೊ ಕಾರು ಪಾರ್ಕಿನ ಪೂರ್ವದ ಗೇಟಿನಿಂದ ಸುಮಾರು 20 ಅಡಿ ದೂರದಲ್ಲಿ, ತಿರುವಿನಲ್ಲಿ, ಇಂಥ ದಿನಾಂಕದಿಂದ ಕದಲದೆ ನಿಂತಿದೆ. ಎಡಬದಿಯ ಎರಡೂ ಟೈರ್‌ಗಳಲ್ಲಿ ಗಾಳಿಯಿಲ್ಲ, ಹಿಂದಿನ ಗಾಜು ಒಡೆದಿದೆ. ಎದುರಿನಿಂದ ಬರುವ ವಾಹನ ಕಾಣುವುದಿಲ್ಲ, ಕಸದ ಆಟೊ ಮತ್ತು ಆಂಬುಲೆನ್ಸ್ ತಿರುಗಲು ಜಾಗವಿಲ್ಲ. ಸೆಕ್ಷನ್ 127ರಡಿ ತೆರವುಗೊಳಿಸಬೇಕೆಂದು ಕೋರುತ್ತೇವೆ." ಕೆಳಗೆ ಅಕ್ಕಪಕ್ಕದ ನಾಲ್ಕೈದು ಮನೆಯವರ ಸಹಿ, ಹಿಂದೆ ಫೋಟೊಗಳು. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ದಿನಾಂಕ ಹಾಕಿಸ್ಕೊಂಡು ಬನ್ನಿ. ಆ ಸೀಲಿದ್ರೆ ಹದಿನೈದು ದಿನ ಬಿಟ್ಟು ನೆನಪಿಸೋಕೆ, ಬೇಕಾದ್ರೆ ಎಸಿಪಿ (ಸಹಾಯಕ ಪೊಲೀಸ್ ಆಯುಕ್ತರ) ಕಚೇರಿಗೆ ಹೋಗೋಕೆ ದಾರಿ ಇರುತ್ತೆ.

ನಮ್ಮ ಪಾಲಿಕೆಗೂ ಬೇರೆಯಾಗಿ ಹೇಳ್ಬೇಕು, 1533 ಸಹಾಯವಾಣಿಗೆ. ಗಾಡಿ ಎತ್ತೋಕಲ್ಲ, ಸುತ್ತಲಿನ ಕಸಕ್ಕೆ. ನಿಂತ ಕಾರಿನ ಮಗ್ಗುಲಲ್ಲಿ ಮೊದಲ ಕಸದ ಕವರ್ ಬಿದ್ದ ಮೇಲೆ ಅದು ಬ್ಲ್ಯಾಕ್ ಸ್ಪಾಟ್, ಅಂದ್ರೆ ಎಲ್ಲರೂ ಕಸ ಸುರಿಯೋ ಜಾಗ ಆಗೋಕೆ ಹೆಚ್ಚು ದಿನ ಬೇಡ. ಒಡೆದ ಗಾಜಿನಿಂದ ಒಳಗೆ ಮಳೆ ನೀರು ನಿಂತಿದ್ರೆ ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತೆ, ಒಂದು ವಾರ ಹತ್ತು ದಿನದಲ್ಲಿ ಹಾರೋ ಸೊಳ್ಳೆ ತಯಾರು. 2024ರಲ್ಲಿ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸಿದೆ, ಆರೋಗ್ಯ ನಿರೀಕ್ಷಕರಿಗೆ ಈ ಅಂಶ ಎತ್ತಿ ಹೇಳಿ. ಮತ್ತೆ ಕೈಮುಗಿದು ಕೇಳ್ತೀನಿ, ಅದರ ಹತ್ತಿರ ಒಣಗಿದ ಎಲೆ ಸುಡಬೇಡಿ. ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿದಿರಬಹುದು, ಹಳೇ ರಬ್ಬರ್ ಪೈಪ್ ಬಿರುಕು ಬಿಟ್ಟು ಜಿನುಗ್ತಿರಬಹುದು.

ಈ ಮಧ್ಯೆ ಮಾಲೀಕರು ಸಿಕ್ಕಿದ್ರೆ ಜಗಳ ಬೇಡ. ಇಂಥ ಗಾಡಿಗಳ ಹಿಂದೆ ಆಗಾಗ ಒಂದು ಸಾವು, ಒಂದು ಆಸ್ಪತ್ರೆ, ಕಟ್ಟಲಾಗದ ಸಾಲ ಇರುತ್ತೆ. ಯಜಮಾನರು ತೀರಿಹೋಗಿದ್ರೆ ವಾರಸುದಾರರು 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ಹೆಸರಿಗೆ ಮಾಡಿಸ್ಕೊಬೇಕು. ಇದು ಗೊತ್ತಿಲ್ಲದೇ ಎಷ್ಟೋ ಮನೆಯವರು ಸುಮ್ಮನಿರ್ತಾರೆ, ಹೇಳಿಕೊಟ್ರೆ ಅವರೇ ತೆಗೀತಾರೆ. "ನಾನು ಮಾರಿಬಿಟ್ಟಿದ್ದೀನಿ" ಅಂದ್ರೆ ಮಾರಿದ್ದನ್ನ ತಿಳಿಸೋ ಫಾರಂ 29 ಕೊಟ್ಟ ದಾಖಲೆ ಇದ್ಯಾ ಕೇಳಿ. ಆರ್‌ಸಿಯಲ್ಲಿ ಹೆಸರು ಬದಲಾಗದಿದ್ರೆ ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರೋ ಮಾಲೀಕರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅವರಿಗೆ ಗಾಡಿ ಬೇಡ ಅಂದ್ರೆ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೇ ಕೊಡೋಕೆ ಹೇಳಿ. ಆರ್‌ಸಿ, ಗುರುತಿನ ದಾಖಲೆ, ಸಾಲ ಇದ್ದಿದ್ರೆ ತೀರಿದ ಪತ್ರ ಬೇಕು. ಅಲ್ಲಿ ಗಾಡಿ ಒಪ್ಪಿಸಿದ್ದಕ್ಕೆ ಠೇವಣಿ ಪ್ರಮಾಣಪತ್ರ ಕೊಡ್ತಾರೆ, ಸರ್ಕಾರದ ವಾಹನ್ ದಾಖಲೆಯಲ್ಲಿ ನೋಂದಣಿ ರದ್ದಾಗುತ್ತೆ. ಬೀದಿ ಗುಜರಿಗೆ ಕೊಟ್ರೆ ಕೈಗೆ ನಾಲ್ಕು ಕಾಸು ಬೇಗ ಬರುತ್ತೆ, ಆದ್ರೆ ಹೆಸರು ಹಾಗೇ ಉಳಿಯುತ್ತೆ. ಚಾಸಿಸ್ ನಂಬರಿರೋ ತುಂಡು, ಪ್ಲೇಟು ಬೇರೆ ಕದ್ದ ಗಾಡಿಗೆ ಹೋಗಿ ಕೂತ್ರೆ ಪೊಲೀಸರು ಬಾಗಿಲು ತಟ್ಟೋದು ಹಳೇ ಮಾಲೀಕರ ಮನೆಗೇ.

ಯಾರೂ ಸಿಗದಿದ್ರೆ ಪೊಲೀಸರು ವಶಕ್ಕೆ ತಗೊಂಡು ಮ್ಯಾಜಿಸ್ಟ್ರೇಟ್‌ಗೆ ವರದಿ ಮಾಡ್ತಾರೆ. ವಾರಸುದಾರರು ಯಾರು ಅಂತ ಗೊತ್ತಾಗದಿದ್ರೆ ಪ್ರಕಟಣೆ ಹೊರಡುತ್ತೆ, ಹಕ್ಕು ಹೇಳೋಕೆ ಆರು ತಿಂಗಳ ಅವಕಾಶ. ಆಮೇಲೆ ಹರಾಜು. ಅದು ಅವರ ಕೆಲಸ, ನಮ್ಮ ರಸ್ತೆ ಅಷ್ಟರಲ್ಲಿ ಖಾಲಿ ಆಗಿರುತ್ತೆ. ಆದ್ರೆ ಇದೆಲ್ಲಾ ರಸ್ತೆಗೆ ಮಾತ್ರ. ಬಿ ಬ್ಲಾಕ್ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಬೈಕ್ ಬಗ್ಗೆ ಕೇಳಿದ್ರಲ್ಲ, ಅದು ಖಾಸಗಿ ಜಾಗ. ಸಂಘದಿಂದ ಲಿಖಿತ ನೋಟಿಸ್ ಕೊಟ್ಟು, ಠಾಣೆಗೆ ತಿಳಿಸಿ ಮುಂದುವರೀಬೇಕು.

ಎತ್ತೋ ದಿನಕ್ಕೆ ನಾವು ಮಾಡ್ಬೇಕಾದ್ದು ಇದು. ಹಿಂದೆ ಮುಂದೆ ನಿಂತಿರೋ ನಮ್ಮ ಗಾಡಿಗಳನ್ನ ಬೆಳಗ್ಗೆಯೇ ತೆಗೀರಿ, ಲಾರಿ ಬಂದು ವಾಪಸ್ ಹೋಗೋದು ಹೆಚ್ಚಾಗಿ ಜಾಗ ಇಲ್ಲದೇ. ಹಿಂದಿನ ಚಕ್ರ ಕಚ್ಕೊಂಡಿರಬಹುದು ಅಂತ ಮೊದಲೇ ಹೇಳಿ, ಮುಂದಿನ ಚಕ್ರ ಮಾತ್ರ ಎತ್ತಿ ಎಳೆಯೋ ಗಾಡಿ ಸಾಲಲ್ಲ, ಪೂರ್ತಿ ಮೇಲೆ ಕೂರಿಸೋ ಫ್ಲಾಟ್‌ಬೆಡ್ ಬೇಕು. ಕ್ರೇನ್ ಬಂದ್ರೆ ಅಲ್ಲಿ ಜೋತುಬಿದ್ದಿರೋ ಕೇಬಲ್‌ಗಳನ್ನ ಕೇಬಲ್ ಹುಡುಗನಿಗೆ ಹೇಳಿ ಹಿಂದಿನ ದಿನವೇ ಎತ್ತಿ ಕಟ್ಟಿಸಿ. ಗಾಡಿ ಹೋದ ಮೇಲೆ ಕೆಳಗೆ ಎಂಜಿನ್ ಆಯಿಲ್ ಚೆಲ್ಲಿರುತ್ತೆ, ತಿರುವಿನಲ್ಲಿ ಸ್ಕೂಟರ್‌ನವರು ಜಾರ್ತಾರೆ. ನೀರು ಹಾಕಿದ್ರೆ ಇನ್ನೂ ಹರಡುತ್ತೆ. ಮರದ ಹೊಟ್ಟೋ ಒಣ ಮರಳೋ ಹಾಕಿ ಅರ್ಧ ಗಂಟೆ ಬಿಟ್ಟು ಗುಡಿಸಬೇಕು. ಮರಳು ಪಾರ್ಕಿನ ಶೆಡ್‌ನಲ್ಲಿದೆ, ಎರಡು ಬಾಂಡ್ಲಿ ಸಾಕು. ದೂರಿನ ಕಾಗದ ನಾನು ಟೈಪ್ ಮಾಡಿಸ್ತೀನಿ, ವಾಲ್ವ್ ಫೋಟೊ ಇವತ್ತು ಸಂಜೆಯೊಳಗೆ ಯಾರು ತೆಗೀತೀರಿ ಹೇಳಿ.