ಮೆದುಳು ಮೊದಲೇ ನಿರ್ಧರಿಸಿಬಿಟ್ಟಿರುತ್ತಂತೆ!

ಚಿಕ್ಕಪ್ಪ: (ಫಾರ್ವರ್ಡ್) "ನೀವು ನಿರ್ಧರಿಸುವ 10 ಸೆಕೆಂಡ್ ಮೊದಲೇ ನಿಮ್ಮ ಮೆದುಳು ನಿರ್ಧರಿಸಿರುತ್ತದೆ! ಎಲ್ಲವೂ ಮೊದಲೇ ನಿಗದಿ. ವಿಜ್ಞಾನವೇ ಒಪ್ಪಿದೆ!! 10 ಜನಕ್ಕೆ ಕಳಿಸಿ, ಒಳ್ಳೆಯದಾಗುತ್ತದೆ."

ಚಿಕ್ಕಪ್ಪ: ನೋಡಿದಿರಾ? ನಾನು ಮೊದಲಿಂದಲೂ ಇದನ್ನೇ ಹೇಳುತ್ತಿದ್ದೆ.

ಅತ್ತೆ: ಎಲ್ಲ ನಿಗದಿ ಆಗಿದ್ದರೆ 10 ಜನಕ್ಕೆ ಕಳಿಸಿ ಏನು ಪ್ರಯೋಜನ ಅಣ್ಣ? 😄

ನಾನು: ಪ್ರಯೋಗ ನಡೆದಿದ್ದು ನಿಜ. 2008ರಲ್ಲಿ, ಜರ್ಮನಿಯಲ್ಲಿ. ಸ್ಕ್ಯಾನರ್ ಒಳಗೆ ಮಲಗಿದವರಿಗೆ ಎಡಗೈಗೊಂದು, ಬಲಗೈಗೊಂದು ಗುಂಡಿ. ಮನಸ್ಸು ಬಂದಾಗ ಯಾವುದಾದರೂ ಒಂದನ್ನು ಒತ್ತಬೇಕು. ಎದುರಿಗಿನ ಪರದೆಯಲ್ಲಿ ಅಕ್ಷರ ಬದಲಾಗುತ್ತಾ ಇರುತ್ತದೆ. ಮನಸ್ಸು ಮಾಡಿದಾಗ ಯಾವ ಅಕ್ಷರ ಇತ್ತು ಅಂತ ಆಮೇಲೆ ಹೇಳಬೇಕು. ಯಾವ ಗುಂಡಿ ಅನ್ನುವ ಸುಳಿವು ಮೆದುಳಿನಲ್ಲಿ ಸೆಕೆಂಡುಗಟ್ಟಲೆ ಮೊದಲೇ ಸಿಕ್ಕಿತು. ಆದರೆ ಊಹೆ ಸರಿಹೋಗಿದ್ದು ನೂರಕ್ಕೆ ಸುಮಾರು 60 ಸಲ ಮಾತ್ರ. ಕಣ್ಣು ಮುಚ್ಚಿ ಹೇಳಿದರೂ 50 ಬರುತ್ತೆ.

ಚಿಕ್ಕಪ್ಪ: ಅದು ಇವತ್ತಿನ ಲೆಕ್ಕ. ಯಂತ್ರ ಸುಧಾರಿಸಲಿ, 100 ಆಗುತ್ತೆ. ಕಾರಣ ಇಲ್ಲದೆ ಏನೂ ಆಗಲ್ಲ, ಅಲ್ವಾ? ಧೂಮಕೇತು 1758ರಲ್ಲಿ ಮತ್ತೆ ಬರುತ್ತೆ ಅಂತ ಲೆಕ್ಕ ಹಾಕಿ ಹೇಳಿದ್ದ ಖಗೋಳ ವಿಜ್ಞಾನಿ ಹ್ಯಾಲಿ 1742ರಲ್ಲೇ ತೀರಿಕೊಂಡರು. ಧೂಮಕೇತು ಅವರು ಹೇಳಿದ ವರ್ಷವೇ ಕಾಣಿಸಿತು.

ಅಕ್ಕ: ಧೂಮಕೇತುವಿಗೆ ಹ್ಯಾಲಿ ಹೇಳಿದ್ದು ಕೇಳಿಸಲಿಲ್ಲ ಚಿಕ್ಕಪ್ಪ. ನನಗೆ "ನೀನು ಎಡಗಡೆಯದ್ದನ್ನು ಒತ್ತುತ್ತೀಯ" ಅಂತ ಮೊದಲೇ ಹೇಳಿ ನೋಡಿ. ಬೇಕಂತಲೇ ಬಲಗಡೆಯದ್ದನ್ನು ಒತ್ತುತ್ತೇನೆ.

ಚಿಕ್ಕಪ್ಪ: ಆ ಹಠಕ್ಕೂ ಕಾರಣ ಇದೆ. ಚಿಕ್ಕಂದಿನಿಂದ ನೀನು ಹಾಗೇ.

ಅಕ್ಕ: ಇರಲಿ. ಆದರೆ ನಿಮ್ಮ ಮಾತೇ ಒಂದು ಹೊಸ ಕಾರಣ ಆಯಿತಲ್ಲ! ಅದನ್ನೂ ಲೆಕ್ಕಕ್ಕೆ ಹಿಡಿದು "ಬಲ" ಅಂದರೆ ಎಡಕ್ಕೆ ಹೋಗುತ್ತೇನೆ. ನೀವು ಬಾಯಿಬಿಟ್ಟರೆ ಭವಿಷ್ಯ ಕೆಟ್ಟಿತು.

ಚಿಕ್ಕಪ್ಪ: ಚೀಟಿಯಲ್ಲಿ ಬರೆದು ಮುಚ್ಚಿಟ್ಟರೆ?

ನಾನು: ಆಗ ಸರಿಹೋದರೂ ಹೋಗಬಹುದು. ಆದರೆ ಕಾರಣ ಇರೋದು ಬೇರೆ, ಮೊದಲೇ ಗೊತ್ತಾಗೋದು ಬೇರೆ. 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ ಹವಾಮಾನದ ಲೆಕ್ಕವನ್ನು ಎರಡನೇ ಸಲ ಓಡಿಸುವಾಗ ಕಂಪ್ಯೂಟರಿಗೆ 0.506127 ಬದಲು 0.506 ಕೊಟ್ಟರು. ಸ್ವಲ್ಪ ದೂರ ಎರಡೂ ಜೊತೆಜೊತೆಗೇ ಸಾಗಿದವು. ಆಮೇಲೆ ಎತ್ತಣಿಂದೆತ್ತ! ಆ ಸೂತ್ರಗಳಲ್ಲಿ ಅದೃಷ್ಟಕ್ಕೆ ಜಾಗವೇ ಇರಲಿಲ್ಲ. ಅಳತೆ ಕೂದಲೆಳೆಯಷ್ಟು ತಪ್ಪಿತ್ತು, ಅಷ್ಟೇ.

ಅತ್ತೆ: ಅದೆಲ್ಲ ಇರಲಿ, ನಿರ್ಧಾರ ನಮ್ಮದಾ ಅಲ್ವಾ? ಮೊದಲು ಅದನ್ನು ಹೇಳಿ.

ಚಿಕ್ಕಪ್ಪ: ಅಲ್ಲ.

ಅಕ್ಕ: ನಮ್ಮದೇ. ನನ್ನ ಆಸೆ, ನನ್ನ ಯೋಚನೆ, ನನ್ನ ಹಠ ಕಾರಣ ಆದರೆ ಅದು ಇನ್ಯಾರ ನಿರ್ಧಾರ? ಕಾರಣವೇ ಇಲ್ಲದೆ ಕೈ ತಾನಾಗಿ ಎದ್ದರೆ ಸ್ವಾತಂತ್ರ್ಯ ಅನ್ನಲ್ಲ, ಡಾಕ್ಟರ ಹತ್ತಿರ ಓಡುತ್ತೇವೆ.

ಚಿಕ್ಕಪ್ಪ: ಆ ಆಸೆಯನ್ನು ಆರಿಸಿಕೊಂಡವರು ಯಾರು? ನೀನಾ?

ಅಕ್ಕ: ಪೂರ್ತಿ ನಾನಲ್ಲ, ಒಪ್ಪಿದೆ. ಆದರೆ ಸುಮ್ನೆ ಗುಂಡಿ ಒತ್ತೋದಕ್ಕೂ, ಕೆಲಸ ಬಿಡಲಾ ಬೇಡವಾ ಅಂತ ತಿಂಗಳುಗಟ್ಟಲೆ ತೂಗಿ ನೋಡೋದಕ್ಕೂ ವ್ಯತ್ಯಾಸ ಇಲ್ವಾ? ಎಡವೋ ಬಲವೋ ಅಂತ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಕೆಲಸದ ವಿಷಯದಲ್ಲಿ ಆ ಯೋಚನೆಯೇ ಕಾರಣ. ಅದನ್ನು ತೆಗೆದುಹಾಕಿದರೆ ಫಲಿತಾಂಶವೇ ಬೇರೆ ಆಗುತ್ತೆ.

ಚಿಕ್ಕಪ್ಪ: ಯೋಚನೆಗೂ ಕಾರಣ ಇದೆ.

ಅಕ್ಕ: ಇದೆ. ಹಾಗಂತ ನನ್ನ ಬದಲು ಅದು ಯೋಚಿಸಲ್ಲ.