ಕ್ರೋಮ್ ಓಪನ್ ಆಗಿದೆ, ಆದ್ರೂ ಎಐಗೆ ಕಾಣ್ತಿಲ್ಲ: 9222 ಕನೆಕ್ಷನ್ ರಿಫ್ಯೂಸ್ಡ್

ಗೊಜ್ಜವಲಕ್ಕಿ
ತಲೆ ಕೆಟ್ಟು ಹೋಗಿದೆ. ಕೋಡ್ ಬರೆಯುವ ಎಐ ನನ್ನ ಕ್ರೋಮನ್ನು ನೋಡಿ ನಡೆಸಲಿ ಅಂತ, ಎರಡನ್ನೂ ಜೋಡಿಸುವ ಕ್ರೋಮ್ ಡೆವ್‌ಟೂಲ್ಸ್ ಎಂಸಿಪಿ ಹಾಕಿದ್ದೇನೆ. ಹೊರಗಿನ ಪ್ರೋಗ್ರಾಂ ಕ್ರೋಮ್ ಜೊತೆ ಮಾತಾಡೋಕೆ ರಿಮೋಟ್ ಡೀಬಗಿಂಗ್ ಪೋರ್ಟ್ 9222 ಅಂತ ಫ್ಲಾಗ್ ಕೊಟ್ಟೇ ಕ್ರೋಮ್ ಶುರು ಮಾಡುತ್ತೇನೆ. ಕ್ರೋಮ್ ಆರಾಮಾಗಿ ಓಪನ್ ಆಗುತ್ತದೆ. ಎಐಗೆ "ಕನ್ಸೋಲ್‌ನಲ್ಲಿ ಏನು ಎರರ್ ಬಂದಿದೆ ನೋಡು" ಅಂದರೆ 127.0.0.1:9222 (ಅಂದರೆ ಲೋಕಲ್‌ಹೋಸ್ಟ್, ಇದೇ ಕಂಪ್ಯೂಟರ್‌ನ 9222 ಪೋರ್ಟ್) ಕನೆಕ್ಷನ್ ರಿಫ್ಯೂಸ್ಡ್ ಅನ್ನುತ್ತದೆ. ಆಮೇಲೆ ಏನೂ ನೋಡದೆ ಊಹೆ ಮೇಲೆ ಕೋಡ್ ತಿದ್ದೋಕೆ ಶುರು! ಲಾಗಿನ್ ಬಟನ್ ಒತ್ತಿದರೆ ಏನೂ ಆಗಲ್ಲ ಅನ್ನೋ ಒಂದು ಬಗ್‌ಗೆ ಇಡೀ ಫೈಲ್ ಬದಲಾಯಿಸಿ ಇಟ್ಟಿದೆ. ಗೊತ್ತಿದ್ದವರು ಹೇಳಿ ಪ್ಲೀಸ್.

ಸೆಮಿಕೋಲನ್ ಶೆಟ್ರು
ಹಿಂದೆ ಇನ್ನೊಂದು ಕ್ರೋಮ್ ಓಡುತ್ತಿರುತ್ತದೆ. ಆಗ ನೀವು ಕೊಟ್ಟ ಫ್ಲಾಗ್‌ಗೆ ಬೆಲೆಯೇ ಇಲ್ಲ. ಹಳೇ ಕ್ರೋಮೇ ಹೊಸ ಕಿಟಕಿ ತೆರೆದು ಸುಮ್ಮನಾಗುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಲ್ಲ ಮುಗಿಸಿ ಮತ್ತೆ ಶುರು ಮಾಡಿ.

ಗೊಜ್ಜವಲಕ್ಕಿ
ಮಾಡಿದೆ ಸರ್. ಅದೇ ಹಾಡು.

ಸೆಮಿಕೋಲನ್ ಶೆಟ್ರು
ಪೂರ್ತಿ ಮುಗಿದಿಲ್ಲ ಅನ್ಸುತ್ತೆ. ಸೆಟ್ಟಿಂಗ್ಸ್‌ನಲ್ಲಿ "ಬ್ಯಾಕ್‌ಗ್ರೌಂಡ್ ಆ್ಯಪ್ಸ್" ಆಫ್ ಮಾಡಿ, ಸಿಸ್ಟಮ್ ರೀಸ್ಟಾರ್ಟ್ ಮಾಡಿ ನೋಡಿ.

ಬಗ್ಗುಬಡಿ
ಶೆಟ್ರೇ, ಅದಲ್ಲ. ಕ್ರೋಮ್ 136ರಿಂದ ನಿಯಮ ಬದಲಾಗಿದೆ. ನಾವು ದಿನಾ ಬಳಸುವ ಡೀಫಾಲ್ಟ್ ಪ್ರೊಫೈಲ್‌ಗೆ ಡೀಬಗಿಂಗ್ ಪೋರ್ಟ್ ಕೊಟ್ಟರೆ ಕ್ರೋಮ್ ಕಿವಿಗೇ ಹಾಕಿಕೊಳ್ಳಲ್ಲ. ಈ ಪೋರ್ಟ್ ಮೂಲಕ ಕುಕೀ ಕದಿಯುವ ಮಾಲ್‌ವೇರ್ ಜಾಸ್ತಿ ಆಯ್ತು ಅಂತ ಹಾಗೆ ಮಾಡಿದರು. ಯೂಸರ್ ಡೇಟಾ ಡೈರೆಕ್ಟರಿ ಫ್ಲಾಗ್‌ಗೆ ಬೇರೆ ಫೋಲ್ಡರ್ ಕೊಡಿ. ಆಮೇಲೆ ಅದೇ ಕ್ರೋಮ್‌ನಲ್ಲಿ ಲೋಕಲ್‌ಹೋಸ್ಟ್ 9222, ಸ್ಲ್ಯಾಶ್ ಜೇಸನ್, ಸ್ಲ್ಯಾಶ್ ವರ್ಷನ್ ತೆರೆಯಿರಿ. ಬ್ರೌಸರ್ ಹೆಸರು, ಒಂದು ವೆಬ್‌ಸಾಕೆಟ್ ವಿಳಾಸ ಕಂಡರೆ ಪೋರ್ಟ್ ಬದುಕಿದೆ ಅಂತ ಅರ್ಥ.

ಗೊಜ್ಜವಲಕ್ಕಿ
ಬಂತು! ವೆಬ್‌ಸಾಕೆಟ್ ವಿಳಾಸನೂ ಇದೆ. ಆದರೆ ಎಐ ಇನ್ನೂ ರಿಫ್ಯೂಸ್ಡ್ ಅಂತಲೇ ಕೂತಿದೆ. ಎಂಸಿಪಿ ಸೆಟ್ಟಿಂಗ್‌ನಲ್ಲಿ ಬ್ರೌಸರ್ ಯುಆರ್‌ಎಲ್ ಕೂಡ ಸರಿಯಾಗೇ ಇದೆ.

ಸೆಮಿಕೋಲನ್ ಶೆಟ್ರು
ಹಾಗಾದರೆ ಫೈರ್‌ವಾಲ್. ಇಲ್ಲಾಂದ್ರೆ ಹಳೇ ಕ್ರೋಮ್ ಇನ್ನೂ ಎಲ್ಲೋ ಇದೆ.

ಉತ್ತರದ ಹುಡುಗ
ಇಷ್ಟೆಲ್ಲ ಒದ್ದಾಟ ಯಾಕ್ರೀ? ಮೈಕ್ರೋಸಾಫ್ಟ್‌ನ ಪ್ಲೇರೈಟ್ ಎಂಸಿಪಿ ಹಾಕಿಕೊಳ್ಳಿ. ಅದು ತಾನೇ ಬ್ರೌಸರ್ ತೆರೆಯುತ್ತದೆ, ಸ್ಕ್ರೀನ್‌ಶಾಟ್ ಬದಲು ಆ್ಯಕ್ಸೆಸಿಬಿಲಿಟಿ ಟ್ರೀ (ಪುಟದ ಬಟನ್, ಬರಹಗಳ ಪಟ್ಟಿ) ಓದುತ್ತದೆ. ಮುಗೀತು.

ಬಗ್ಗುಬಡಿ
ಡೆವ್‌ಟೂಲ್ಸ್ ಎಂಸಿಪಿಗೂ ಯುಆರ್‌ಎಲ್ ಕೊಡದಿದ್ದರೆ ತಾನೇ ಬ್ರೌಸರ್ ತೆರೆಯುತ್ತದೆ, ಟ್ರೀ ಸ್ನ್ಯಾಪ್‌ಶಾಟೂ ತೆಗೆಯುತ್ತದೆ. ಪರ್ಫಾರ್ಮೆನ್ಸ್ ಟ್ರೇಸ್ (ಪುಟ ಎಲ್ಲಿ ನಿಧಾನ ಅಂತ ತೋರಿಸುವ ದಾಖಲೆ) ಬೇಕಾದಾಗ ನನಗಂತೂ ಇದೇ ಅನುಕೂಲ.

ಉತ್ತರದ ಹುಡುಗ
ಲಾಗಿನ್ ಬಟನ್ ಬಗ್‌ಗೆ ಪರ್ಫಾರ್ಮೆನ್ಸ್ ಟ್ರೇಸ್ ಯಾಕ್ರೀ ಬೇಕು?

ಬಗ್ಗುಬಡಿ
ಅವರಿಗೆ ಬೇಕು ಅಂದೆನಾ? ನನಗೆ ಬೇಕು ಅಂದೆ.

ಹಳೇ ಟರ್ಮಿನಲ್
ಒಂದು ನಿಮಿಷ. ಗೊಜ್ಜವಲಕ್ಕಿಯವರೇ, ಎಐ ಎಲ್ಲಿ ಓಡುತ್ತಿದೆ? ವಿಂಡೋಸ್ ಟರ್ಮಿನಲ್‌ನಲ್ಲಾ, ಡಬ್ಲ್ಯೂಎಸ್ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಒಳಗಾ?

ಗೊಜ್ಜವಲಕ್ಕಿ
ಡಬ್ಲ್ಯೂಎಸ್ಎಲ್ 2, ಉಬುಂಟು. ಎಲ್ಲರೂ ಹಾಗೇ ಅಲ್ವಾ ಮಾಡೋದು? ನನ್ನ ಸೈಟೂ ಉಬುಂಟು ಒಳಗೇ ಓಡುತ್ತದೆ. ವಿಂಡೋಸ್ ಕ್ರೋಮ್‌ನಲ್ಲಿ ಲೋಕಲ್‌ಹೋಸ್ಟ್ ಅಂತ ಹೊಡೆದರೆ ಬರುತ್ತದಲ್ಲ?

ಹಳೇ ಟರ್ಮಿನಲ್
ಅದು ಒಂದೇ ದಿಕ್ಕಿಗೆ. ಉಬುಂಟು ಒಳಗಿನ ಪೋರ್ಟನ್ನು ವಿಂಡೋಸ್ ಲೋಕಲ್‌ಹೋಸ್ಟ್‌ಗೆ ಡಬ್ಲ್ಯೂಎಸ್ಎಲ್ ತಾನೇ ತಲುಪಿಸುತ್ತದೆ. ವಾಪಸ್ ಆ ಸೌಕರ್ಯ ಇಲ್ಲ. ಮಾಮೂಲಿ ನ್ಯಾಟ್ ಮೋಡ್‌ನಲ್ಲಿ ಉಬುಂಟು ಬೇರೆ ಕಂಪ್ಯೂಟರ್ ಇದ್ದ ಹಾಗೆ, ಅದಕ್ಕೆ ತನ್ನದೇ 127.0.0.1 ಇದೆ, ಅಲ್ಲಿ 9222ರಲ್ಲಿ ಯಾರೂ ಇಲ್ಲ. ಅದಕ್ಕೇ ರಿಫ್ಯೂಸ್ಡ್. ಕ್ರೋಮ್ ಕೂತಿರುವುದು ವಿಂಡೋಸ್‌ನ 127.0.0.1ರಲ್ಲಿ.

ವಿಂಡೋಸ್ 11, 22ಎಚ್2 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಡಬ್ಲ್ಯೂಎಸ್ಎಲ್ ಕಾನ್ಫಿಗ್ ಫೈಲ್‌ನಲ್ಲಿ ನೆಟ್‌ವರ್ಕಿಂಗ್ ಮೋಡನ್ನು "ಮಿರರ್ಡ್" ಮಾಡಿ. ಡಬ್ಲ್ಯೂಎಸ್ಎಲ್ ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ತೆರೆಯಿರಿ, ಎರಡೂ ಕಡೆ ಲೋಕಲ್‌ಹೋಸ್ಟ್ ಒಂದೇ ಆಗುತ್ತದೆ. ಪೋರ್ಟ್‌ಪ್ರಾಕ್ಸಿ ಹಾಕಿ 0.0.0.0ಗೆ, ಅಂದರೆ ನೆಟ್‌ವರ್ಕ್‌ನಲ್ಲಿರೋ ಎಲ್ಲರಿಗೂ, ತೆರೆಯೋಕೆ ಮಾತ್ರ ಹೋಗಬೇಡಿ. 9222ಕ್ಕೆ ಪಾಸ್‌ವರ್ಡ್ ಇಲ್ಲ, ಅದೇ ವೈಫೈಯಲ್ಲಿ ಇರೋ ಯಾರು ಬೇಕಾದರೂ ನಿಮ್ಮ ಬ್ರೌಸರ್ ಓಡಿಸಬಹುದು.

ಗೊಜ್ಜವಲಕ್ಕಿ
ಆಫೀಸ್ ಲ್ಯಾಪ್‌ಟಾಪ್. ವಿಂಡೋಸ್ 10.

ಉತ್ತರದ ಹುಡುಗ
ಇನ್ನೂ 10ಆ? ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗೀತಲ್ರೀ.

ಸೆಮಿಕೋಲನ್ ಶೆಟ್ರು
ಸೆಕ್ಯೂರಿಟಿ ಅಪ್‌ಡೇಟ್‌ಗೆ ಇಎಸ್‌ಯು ಅನ್ನೋ ವಿಸ್ತರಿತ ಬೆಂಬಲ ತಗೊಂಡಿರ್ತಾರೆ. ಆಫೀಸ್ ಲ್ಯಾಪ್‌ಟಾಪ್ ಅಪ್‌ಗ್ರೇಡ್ ಮಾಡೋದು ಅವರ ಕೈಲಿದ್ಯಾ?

ಹಳೇ ಟರ್ಮಿನಲ್
ಜಗಳ ಆಮೇಲೆ. 10 ಆದರೆ ಮಿರರ್ಡ್ ಸಿಗಲ್ಲ. ಎಂಸಿಪಿ ಸರ್ವರನ್ನೇ ವಿಂಡೋಸ್ ಕಡೆ ಓಡಿಸಿ. ಸೆಟ್ಟಿಂಗ್‌ನಲ್ಲಿ ಕಮಾಂಡ್ ಜಾಗದಲ್ಲಿ ಎನ್‌ಪಿಎಕ್ಸ್ (ನೋಡ್ ಜೆಎಸ್ ಪ್ಯಾಕೇಜ್ ಓಡಿಸುವ ಕಮಾಂಡ್) ತೆಗೆದು ಸಿಎಂಡಿ ಡಾಟ್ ಇಎಕ್ಸ್ಇ ಹಾಕಿ, ಆರ್ಗ್ಯುಮೆಂಟ್‌ಗಳಲ್ಲಿ ಮೊದಲು ಸ್ಲ್ಯಾಶ್ ಸಿ, ಆಮೇಲೆ ಎನ್‌ಪಿಎಕ್ಸ್, ಉಳಿದದ್ದು ಹಾಗೇ ಇರಲಿ. ವಿಂಡೋಸ್‌ನಲ್ಲೂ ನೋಡ್ ಜೆಎಸ್ ಇನ್‌ಸ್ಟಾಲ್ ಆಗಿರಬೇಕು. "ಯುಎನ್‌ಸಿ ಪಾತ್ಸ್ ಆರ್ ನಾಟ್ ಸಪೋರ್ಟೆಡ್" ಅಂತ ಗೊಣಗುತ್ತದೆ. ಲಿನಕ್ಸ್ ಫೋಲ್ಡರ್‌ನಿಂದ ಕರೆದದ್ದಕ್ಕೆ ಅಷ್ಟೇ, ತಲೆ ಕೆಡಿಸಿಕೊಳ್ಳಬೇಡಿ.

ಗೊಜ್ಜವಲಕ್ಕಿ
ಗುರುವೇ! ಬಂತು. ಟ್ಯಾಬ್‌ಗಳ ಪಟ್ಟಿ ಕೊಟ್ಟಿತು. ಲಾಗಿನ್ ಬಟನ್ ತಾನೇ ಒತ್ತಿ, ನೆಟ್‌ವರ್ಕ್ ರಿಕ್ವೆಸ್ಟ್‌ಗಳನ್ನು ನೋಡಿ, ಪ್ರೀಫ್ಲೈಟ್ (ಬ್ರೌಸರ್ ಮೊದಲೇ ಕಳಿಸುವ ಅನುಮತಿ ಕೋರಿಕೆ) ಬಿದ್ದುಹೋಗಿದೆ, ಕಾರ್ಸ್ ಎರರ್, ಅಂದರೆ ಈ ವಿಳಾಸದ ಸೈಟ್‌ಗೆ ಬ್ಯಾಕೆಂಡ್ ಅನುಮತಿ ಕೊಟ್ಟಿಲ್ಲ ಅಂತ ಹೇಳಿತು. ಸೈಟ್ ತೆರೆದಿದ್ದು 5174ರಲ್ಲಿ. ಬ್ಯಾಕೆಂಡ್ ಒಪ್ಪುವುದು 5173 ಮಾತ್ರ.

ಬಗ್ಗುಬಡಿ
5173ರಲ್ಲಿ ಯಾವುದೋ ಹಳೇ ಸರ್ವರ್ ಇನ್ನೂ ಇದೆ. ಪೋರ್ಟ್ ಖಾಲಿ ಇಲ್ಲಾಂದ್ರೆ ವೀಟ್ (ನಿಮ್ಮ ಸೈಟ್ ಓಡಿಸುವ ಡೆವ್ ಸರ್ವರ್) ಮುಂದಿನ ನಂಬರ್‌ಗೆ ಹೋಗುತ್ತದೆ. ಸ್ಟ್ರಿಕ್ಟ್ ಪೋರ್ಟ್ ಆನ್ ಮಾಡಿಡಿ, ಆಗ ಬೇರೆ ನಂಬರ್‌ಗೆ ಹೋಗದೆ ಎರರ್ ಕೊಟ್ಟು ನಿಂತುಬಿಡುತ್ತದೆ. ಎಐ ಬದಲಾಯಿಸಿದ ಫೈಲನ್ನು ಗಿಟ್‌ನಿಂದ ವಾಪಸ್ ತಗೊಳ್ಳಿ.

ಉತ್ತರದ ಹುಡುಗ
ನನ್ನದು ಪೂರ್ತಿ ಲಿನಕ್ಸ್, 64 ಜಿಬಿ ರ್‍ಯಾಮ್, ಎರಡು ಮಾನಿಟರ್. ಒಂದರಲ್ಲಿ ಎಐ, ಇನ್ನೊಂದರಲ್ಲಿ ಕ್ರೋಮ್ ತಾನೇ ಕ್ಲಿಕ್ ಆಗ್ತಾ ಇರುತ್ತೆ. ನಾನು ಚಹಾ ಕುಡೀತಾ ಕೂತಿರ್ತೀನಿ.

ಸೆಮಿಕೋಲನ್ ಶೆಟ್ರು
ನನ್ನ 8 ಜಿಬಿ ಲ್ಯಾಪ್‌ಟಾಪ್‌ನಲ್ಲೂ ಕೆಲಸ ನಡೀತದೆ ಮಾರಾಯ್ರೆ. ಕಿಟಕಿ ತೋರಿಸದೆ ಬ್ರೌಸರ್ ಓಡಿಸುವ ಹೆಡ್‌ಲೆಸ್ ಮೋಡ್ ಹಾಕಿದರೆ ಸಾಕು.

ಮ್ಯಾಕ್ ಮಂಜು
ಇಲ್ಲೇ ಕೇಳ್ತೀನಿ. ಮ್ಯಾಕ್‌ನಲ್ಲಿ ಎಐ ಡಾಕರ್ ಕಂಟೇನರ್ (ಪ್ರೋಗ್ರಾಂ ಪ್ರತ್ಯೇಕವಾಗಿ ಓಡುವ ಪೆಟ್ಟಿಗೆ) ಒಳಗಿದೆ, ಕ್ರೋಮ್ ಹೊರಗಿದೆ. ಕಂಟೇನರ್ ಒಳಗಿಂದ ಮ್ಯಾಕನ್ನು ಕರೆಯುವ ಹೆಸರು, ಹೋಸ್ಟ್ ಡಾಟ್ ಡಾಕರ್ ಡಾಟ್ ಇಂಟರ್ನಲ್ 9222 ಕೊಟ್ಟರೆ ಹೋಸ್ಟ್ ಹೆಡರ್ ಐಪಿ ಅಥವಾ ಲೋಕಲ್‌ಹೋಸ್ಟ್ ಅಲ್ಲ ಅಂತ ಕ್ರೋಮ್ ಬೈಯುತ್ತದೆ. ಏನು ಮಾಡೋದು?

ಹಳೇ ಟರ್ಮಿನಲ್
ಎರರ್‌ನಲ್ಲೇ ಉತ್ತರ ಇದೆ. ಹೆಸರು ಬೇಡ. ಕಂಟೇನರ್ ಒಳಗೆ ಆ ಹೆಸರಿಗೆ ಯಾವ ಐಪಿ ಬರುತ್ತದೆ ನೋಡಿ, ಅದನ್ನೇ ಹಾಕಿ. ಆಮೇಲೂ ತೊಂದರೆ ಆದರೆ ಬೇರೆ ಥ್ರೆಡ್ ಹಾಕಿ, ಇದು ಈಗಲೇ ಸಂತೆ ಆಗಿದೆ.