ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್ ಯಾರಿಗೆ ಅಂತ ಮೊದಲೇ ಹೇಳೋಕೆ ಏನು ನೋಡಬೇಕು?

ಮೂರಂಕದ_ಮೋಹ:
ಫೈನಲ್ಸ್ ಶುರುವಾಗೋ ಮುಂಚೆ ನಮ್ಮ ಗುಂಪಿನಲ್ಲಿ ಯಾರು ಗೆಲ್ಲುತ್ತಾರೆ, ಎಷ್ಟು ಪಂದ್ಯಕ್ಕೆ ಅಂತ ಎಲ್ಲರೂ ಬರೆದಿಡುತ್ತೇವೆ. ನಾನು ನೋಡೋದು ಲೀಗ್‌ನಲ್ಲಿ ಯಾರು ಜಾಸ್ತಿ ಗೆದ್ದಿದ್ದಾರೆ ಅನ್ನೋದನ್ನೇ. ಆದರೆ 2025ರಲ್ಲಿ ಒಕ್ಲಹೋಮ ಸಿಟಿ ಥಂಡರ್ ಲೀಗ್‌ನಲ್ಲಿ 68 ಪಂದ್ಯ ಗೆದ್ದಿತ್ತು, ಇಂಡಿಯಾನಾ ಪೇಸರ್ಸ್ 50. ಆದರೂ ಇವರಿಬ್ಬರ ಫೈನಲ್ಸ್ ಸರಣಿ ಏಳನೇ ಪಂದ್ಯದವರೆಗೆ ಎಳೆಯಿತು. ಹಾಗಾದ್ರೆ ಈ ಲೆಕ್ಕಕ್ಕೆ ಬೆಲೆಯೇ ಇಲ್ವಾ?

ಲೆಕ್ಕದ_ಹುಚ್ಚ:
ಇದೆ, ಆದರೆ ನಾವಂದುಕೊಂಡಷ್ಟು ಇಲ್ಲ. ಒಂದೊಂದು ಪಂದ್ಯ ಗೆಲ್ಲೋ ಸಾಧ್ಯತೆ ಒಂದು ತಂಡಕ್ಕೆ ಶೇ. 60 ಅಂತಿಟ್ಟುಕೊಳ್ಳಿ. ಮೊದಲು ನಾಲ್ಕು ಗೆದ್ದವರದ್ದೇ ಸರಣಿ ಅಲ್ವಾ, ಆ ಲೆಕ್ಕದಲ್ಲಿ ಸರಣಿ ಗೆಲ್ಲೋ ಸಾಧ್ಯತೆ ಸುಮಾರು ಶೇ. 71ಕ್ಕೆ ಏರುತ್ತೆ. ಅಂದ್ರೆ ಅಷ್ಟು ಗಟ್ಟಿ ತಂಡವೂ ಹತ್ತರಲ್ಲಿ ಮೂರು ಸಲ ಸೋಲಬಹುದು. ಏಳನೇ ಪಂದ್ಯಕ್ಕೆ ಹೋಗೋ ಸಾಧ್ಯತೆಯೇ ಶೇ. 28ರ ಹತ್ತಿರ ಇದೆ. ಹಾಗಾಗಿ ಥಂಡರ್ ಅಂತ ಬರೆದಿದ್ದರೆ ನಿಮ್ಮ ಆಯ್ಕೆ ಸರಿಯಾಗೇ ಇತ್ತು, ಕೊನೆಗೆ ಗೆದ್ದಿದ್ದೂ ಅವರೇ.

ಡಿಫೆನ್ಸ್_ಮೊದಲು:
ಅಂಕಿ ಸರಿ ಗುರು, ಆದರೆ ಯಾರನ್ನು ಯಾರು ತಡೀತಾರೆ ಅನ್ನೋದನ್ನ ನೋಡದೆ ಬರೀಬೇಡಿ. ಅದೇ 2025ರ ಮೊದಲ ಪಂದ್ಯದಲ್ಲಿ ಪೇಸರ್ಸ್ ಚೆಂಡು ಕಳೆದುಕೊಂಡಿದ್ದಕ್ಕೆ ಲೆಕ್ಕವೇ ಇಲ್ಲ, ಥಂಡರ್ ಡಿಫೆನ್ಸ್ ಅಂಥದ್ದು. ಆದರೂ ಬಿಟ್ಟುಕೊಡದೆ ಹಿಂದೆಯೇ ಬಂದು, 0.3 ಸೆಕೆಂಡ್ ಉಳಿದಿದ್ದಾಗ ಅವರ ಹ್ಯಾಲಿಬರ್ಟನ್ ಹಾಕಿದ ಶಾಟ್‌ನಿಂದ 111-110 ಗೆದ್ದರು, ಆ ಇಡೀ ಪಂದ್ಯದಲ್ಲಿ ಅವರು ಮುಂದೆ ಇದ್ದದ್ದು ಆಗ ಮಾತ್ರ! ಕೊನೇ ಐದು ನಿಮಿಷ ಚೆಂಡು ಯಾರ ಕೈಯಲ್ಲಿರುತ್ತೆ, ಅವನು ಹೆದರದೆ ಆಡ್ತಾನಾ ಅನ್ನೋದು ಗೆಲುವಿನ ಪಟ್ಟಿಯಲ್ಲಿ ಕಾಣಲ್ಲ. ನಾಲ್ಕನೇ ಪಂದ್ಯದಲ್ಲಿ ಅದನ್ನೇ ಥಂಡರ್‌ನ ಗಿಲ್ಜಿಯಸ್-ಅಲೆಕ್ಸಾಂಡರ್ ಮಾಡಿ ತೋರಿಸಿದ. ಅದು ಸೋತಿದ್ದರೆ ಥಂಡರ್ 3-1 ಹಿಂದೆ ಬೀಳ್ತಿತ್ತು.

ಮೂರಂಕದ_ಮೋಹ:
ಮೊದಲ ಎರಡು ಪಂದ್ಯ ನೋಡಿ ಊಹೆ ಬದಲಿಸಬಹುದಾ?

ತವರು_ಅಂಗಳ:
ಸುಮ್ನೆ ಸ್ಕೋರ್ ನೋಡಿ ಬದಲಿಸಬೇಡಿ. ಮೊದಲೆರಡು ಪಂದ್ಯ ಒಂದೇ ತಂಡದ ಅಂಗಳದಲ್ಲಿ ನಡೆಯೋದು, ಆಮೇಲೆ ಎರಡು ಇನ್ನೊಬ್ಬರ ಕಡೆ. 2021ರಲ್ಲಿ ಫೀನಿಕ್ಸ್ ಸನ್ಸ್ 2-0 ಮುಂದಿತ್ತು, ಮಿಲ್ವಾಕೀ ಬಕ್ಸ್ ಅಲ್ಲಿಂದ ಸತತ ನಾಲ್ಕು ಗೆದ್ದರು, ಆರನೇ ಪಂದ್ಯದಲ್ಲಿ ಬಕ್ಸ್‌ನ ಯಾನಿಸ್ ಒಬ್ಬನೇ 50 ಅಂಕ! ಆದರೆ ಮುಖ್ಯ ಆಟಗಾರನಿಗೆ ಗಾಯವಾದ್ರೆ ಅಥವಾ ಅವನು ಅಮಾನತಾದ್ರೆ ಮಾತ್ರ ತಕ್ಷಣ ಬದಲಿಸಿ. 2016ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಲೀಗ್‌ನಲ್ಲಿ 73 ಗೆದ್ದು ಬಂದು, ಫೈನಲ್ಸ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧ 3-1 ಮುಂದಿದ್ದರು. ಐದನೇ ಪಂದ್ಯಕ್ಕೆ ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ಅಮಾನತಾದ, ಅದೇ ಪಂದ್ಯದಲ್ಲಿ ಅವರದೇ ಬೋಗಟ್ ಮಂಡಿಗೆ ಗಾಯವಾಗಿ ಹೊರಬಿದ್ದ. ಅಲ್ಲಿಂದ ಕ್ಲೀವ್‌ಲ್ಯಾಂಡ್ ಮೂರಕ್ಕೆ ಮೂರೂ ಗೆದ್ದಿತು, ಏಳನೆಯದನ್ನಂತೂ ವಾರಿಯರ್ಸ್ ಅಂಗಳದಲ್ಲೇ.

ಡಿಫೆನ್ಸ್_ಮೊದಲು:
2019 ಕೂಡ ಸೇರಿಸಿ. ವಾರಿಯರ್ಸ್‌ನ ಡ್ಯುರಾಂಟ್ ಐದನೇ ಪಂದ್ಯದಲ್ಲಿ, ಕ್ಲೇ ಥಾಂಪ್ಸನ್ ಆರನೆಯದರಲ್ಲಿ ಗಾಯಗೊಂಡರು, ಎದುರಾಳಿ ಟೊರಾಂಟೊ ಕಪ್ ಎತ್ತಿತು. ಮುಂದಿನ ಸಲ ಹೆಸರಿನ ಪಕ್ಕ ಕಾರಣವನ್ನೂ ಬರೆದಿಡಿ, ಯಾವ ಆಟಗಾರ ಇಲ್ಲದಿದ್ರೆ ಈ ಊಹೆ ನಿಲ್ಲಲ್ಲ ಅನ್ನೋದನ್ನೂ.